ಬಾನೆಟ್ ಮೇಲೆ ಸ್ಕೂಪ್: ಬಣ್ಣ, ಬೋಲ್ಟು ಮತ್ತು ಕೊಡಗಿನ ತೇವ

ಕಾರು, ಜೀಪಿನ ಬಾನೆಟ್ ಮೇಲೆ ಗಾಳಿಗೂಡಿನ ಹಾಗೆ ಉಬ್ಬಿ ಕೂರುವ ಸ್ಕೂಪ್ ಬಗ್ಗೆ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಪ್ರಶ್ನೆಗಳು ಬಂದಿವೆ. ಎಲ್ಲವನ್ನೂ ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಹಳೆಯ ಪೆಟ್ರೋಲ್ ಕಾರಿಗೆ ಫೈಬರ್ ಸ್ಕೂಪ್ ತರಿಸಿದ್ದೇನೆ. ಉದ್ದ 60 ಸೆಂ.ಮೀ., ಅಗಲ 45 ಸೆಂ.ಮೀ. ಬಾನೆಟ್ ಕತ್ತರಿಸುವುದಿಲ್ಲ, ನೋಟಕ್ಕೆ ಮಾತ್ರ. ಮನೆಯಲ್ಲಿ 25 ಲೀಟರಿನ ಕಂಪ್ರೆಸರ್ ಇದೆ. ಬಣ್ಣ ಹೊಡೆಯಲು ಮೊದಲಿನಿಂದ ಏನೇನು ಮಾಡಬೇಕು, ಎಷ್ಟೆಷ್ಟು ಸಾಮಾನು ಬೇಕು?
(ಗೋಣಿಕೊಪ್ಪದ ಓದುಗರು)

ಉತ್ತರ: ಮೊದಲು ಕೂರಿಸಿ ನೋಡುವುದು, ಆಮೇಲೆ ಬಣ್ಣ, ಕೊನೆಗೆ ಅಂಟು. ಈ ಕ್ರಮ ತಪ್ಪಿದರೆ ಎಲ್ಲ ಕೆಲಸವೂ ಎರಡೆರಡು ಸಲ. ಬಣ್ಣ ಹೊಡೆದ ಸ್ಕೂಪನ್ನು ಬಾನೆಟ್ ಮೇಲಿಟ್ಟಾಗ ಒಂದು ಮೂಲೆ 4 ಮಿ.ಮೀ. ಎದ್ದು ನಿಂತರೆ ಅಂಚು ಉಜ್ಜದೆ ಬೇರೆ ದಾರಿಯಿಲ್ಲ. ಉಜ್ಜಿದರೆ ಹೊಡೆದ ಬಣ್ಣ ಹೋಯಿತು.

ಪೆಟ್ಟಿಗೆಯಿಂದ ತೆಗೆದ ಕೂಡಲೇ ಒಳಭಾಗ ಮೂಸಿ ನೋಡಿ. ಕಟುವಾದ ರೆಸಿನ್ ವಾಸನೆ ಬಂದರೆ ಫೈಬರ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಮೂರು ನಾಲ್ಕು ದಿನ ಒಳ್ಳೆಯ ಬಿಸಿಲಿಗೆ ಇಡಿ. ಸುಮ್ಮನೆ ಅಂಗಳದಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ. ಬಾನೆಟ್ ಮೇಲೆಯೇ ಇಟ್ಟು ನಾಲ್ಕೂ ಕಡೆ ಟೇಪಿನಿಂದ ಬಿಗಿದು ಕಾರನ್ನೇ ಬಿಸಿಲಿಗೆ ನಿಲ್ಲಿಸಿ. ಇದನ್ನು ಬಿಟ್ಟವರಿಗೆ ಮೊದಲ ಬೇಸಿಗೆಯಲ್ಲೇ ಫೈಬರ್ ಕುಗ್ಗಿ, ಒಳಗಿನ ನೇಯ್ಗೆಯ ಗೆರೆಗಳು ಹೊಳೆಯುವ ಬಣ್ಣದ ಮೇಲೆ ಮೂಡುತ್ತವೆ. ಕಪ್ಪು ಬಣ್ಣ ಬಿಸಿಲಿನ ಕಾವನ್ನು ಹೆಚ್ಚು ಹೀರುವುದರಿಂದ ಅದರಲ್ಲಿ ಈ ತೊಂದರೆ ಜಾಸ್ತಿ.

ಕೂರಿಸಿ ನೋಡಲು ಬಾನೆಟ್‌ನ ನಡುಗೆರೆ ಬೇಕು. ಎರಡೂ ಫೆಂಡರ್‌ಗಳ ಅಂಚಿನಿಂದ ಮೂರು ಕಡೆ ಅಳೆದು, ಮಾಸ್ಕಿಂಗ್ ಟೇಪಿನ ಮೇಲೆ ಗುರುತು ಹಾಕಿ, ದಾರ ಎಳೆದು ನೋಡಿ. ಲಾಂಛನವನ್ನು ನಡು ಎಂದು ನಂಬಿ ಹೊರಡಬೇಡಿ, ರಿಪೇರಿಯಾದ ಗಾಡಿಗಳಲ್ಲಿ ಅದು ಪಕ್ಕಕ್ಕೆ ಸರಿದಿರುತ್ತದೆ. ಸ್ಕೂಪ್ ಇಟ್ಟ ಮೇಲೆ ಡ್ರೈವರ್ ಸೀಟಿನಲ್ಲಿ ಕುಳಿತು ರಸ್ತೆ ಎಷ್ಟು ಮರೆಯಾಗುತ್ತದೆ ನೋಡಿ. ನಮ್ಮ ಇಳಿಜಾರಿನ ತಿರುವುಗಳಲ್ಲಿ ಬಾನೆಟ್ ತುದಿಗೆ ಹತ್ತಿರದ ರಸ್ತೆ ಕಾಣಲೇಬೇಕು. ಬಾನೆಟ್ ಪೂರ್ತಿ ಎತ್ತಿದಾಗ ಸ್ಕೂಪಿನ ಹಿಂಬದಿ ವೈಪರಿಗೋ ಗಾಜಿಗೋ ತಾಗುತ್ತದೆಯೇ, ನೀರು ಚಿಮ್ಮಿಸುವ ನಳಿಕೆ ಅಡಿಗೆ ಸಿಗುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಅಂಚು ಬಾನೆಟ್‌ನ ಬಾಗಿಗೆ ಹೊಂದದಿದ್ದರೆ ಒಂದು ಸುಲಭ ಉಪಾಯವಿದೆ. ಬಾನೆಟ್ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಾಸಿ, ಅದರ ಮೇಲೆ 80 ನಂಬರಿನ ಎಮೆರಿ ಪೇಪರನ್ನು ಒರಟು ಮುಖ ಮೇಲಾಗಿ ಅಂಟಿಸಿ. ಸ್ಕೂಪನ್ನು ಅದು ಕೂರಬೇಕಾದ ಜಾಗದಲ್ಲೇ ಇಟ್ಟು ಹಿಂದಕ್ಕೆ ಮುಂದಕ್ಕೆ ಒಂದೆರಡು ಸೆಂ.ಮೀ. ಜರುಗಿಸುತ್ತಾ ಹೋಗಿ. ಎಲ್ಲಿ ತಾಗುತ್ತದೋ ಅಲ್ಲೇ ತೇಯ್ದು, ಅಂಚು ತಾನಾಗಿ ಬಾನೆಟ್‌ನ ಆಕಾರ ಪಡೆಯುತ್ತದೆ. ಸುತ್ತಲೂ ಸಂದು 1 ಮಿ.ಮೀ.ಗಿಂತ ಕಡಿಮೆಯಾದರೆ ಸಾಕು. ಫೈಬರ್ ಪುಡಿ ಚರ್ಮಕ್ಕೆ ತಗುಲಿದರೆ ಎರಡು ದಿನ ತುರಿಸುತ್ತದೆ. ತುಂಬು ತೋಳಿನ ಅಂಗಿ, ಕೈಗವಸು, ಧೂಳಿನ ಮಾಸ್ಕ್ ಹಾಕಿಕೊಳ್ಳಿ.

ಈಗ ತೊಳೆಯುವುದು. ಅಚ್ಚಿನಿಂದ ಸ್ಕೂಪ್ ಬಿಡಿಸಿಕೊಳ್ಳಲು ಬಳಸಿದ ಮೇಣ ಮೇಲೆ ಉಳಿದಿರುತ್ತದೆ. ಉಜ್ಜುವುದಕ್ಕೆ ಮೊದಲೇ ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರು ಹಾಕಿ ಎರಡು ಸಲ ತಿಕ್ಕಿ. ತೊಳೆಯದೆ ಉಜ್ಜಿದರೆ ಮೇಣ ಎಮೆರಿಯ ಗೀರುಗಳೊಳಗೆ ಹೋಗಿ ಕೂರುತ್ತದೆ, ಆಮೇಲೆ ಪ್ರೈಮರ್ ಸಿಪ್ಪೆಯಂತೆ ಏಳುತ್ತದೆ. ಕೊನೆಯ ನೀರು ಮಣಿಮಣಿಯಾಗಿ ನಿಲ್ಲದೆ ಹಾಳೆಯಂತೆ ಹರಿದರೆ ಮೇಣ ಹೋಗಿದೆ ಎಂದು ತಿಳಿಯಿರಿ. ಒಣಗಿದ ಮೇಲೆ ಪೇಂಟ್ ಅಂಗಡಿಯ ಡಿಗ್ರೀಸರ್‌ನಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ತೆಗೆಯಿರಿ.

220 ನಂಬರಿನಲ್ಲಿ ಪೂರ್ತಿ ಮಂಕಾಗುವವರೆಗೆ ಉಜ್ಜಿ. ಆಗ ಸೂಜಿಮೊನೆಯಂಥ ತೂತುಗಳು ಕಣ್ಣಿಗೆ ಬೀಳುತ್ತವೆ. ಪ್ರೈಮರ್ ಇವನ್ನು ಮುಚ್ಚುವುದಿಲ್ಲ, ಸೇತುವೆ ಕಟ್ಟಿದಂತೆ ಮೇಲೆ ನಿಂತು ಬಿಸಿಲಿಗೆ ಒಡೆಯುತ್ತದೆ. ಪಾಲಿಯೆಸ್ಟರ್ ಪುಟ್ಟಿಯನ್ನು ಬ್ಲೇಡಿನಿಂದ ಒತ್ತಿ ತುಂಬಬೇಕು. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡ್ನರ್ (ಅದನ್ನು ಗಟ್ಟಿಯಾಗಿಸುವ ವಸ್ತು) ಲೆಕ್ಕ. ತಕ್ಕಡಿ ಇಲ್ಲದಿದ್ದರೆ ನಿಂಬೆಹಣ್ಣಿನಷ್ಟು ಪುಟ್ಟಿಗೆ ಅವರೆಕಾಳಿನಷ್ಟು. ಬೇಗ ಒಣಗಲೆಂದು ಹಾರ್ಡ್ನರ್ ಜಾಸ್ತಿ ಹಾಕಿದರೆ ತಿಂಗಳ ಮೇಲೆ ಬಿಳಿ, ಸಿಲ್ವರ್ ಬಣ್ಣಗಳಲ್ಲಿ ಹಳದಿ ಕಲೆ ಮೇಲೇಳುತ್ತದೆ. ಪುಟ್ಟಿಯನ್ನು ನೀರು ಹಾಕಿ ಉಜ್ಜಲೇಬೇಡಿ. ಅದು ಸ್ಪಂಜಿನಂತೆ ನೀರು ಕುಡಿಯುತ್ತದೆ, ನಮ್ಮ ಹವೆಯಲ್ಲಿ ಆ ನೀರು ಹೊರಗೆ ಬರಲು ವಾರ ಬೇಕು.

ಸಾಮಾನಿನ ಲೆಕ್ಕ ಹೀಗೆ. ಈ ಅಳತೆಯ ಸ್ಕೂಪಿಗೆ 2ಕೆ (ಅಂದರೆ ಹಾರ್ಡ್ನರ್ ಬೆರೆಸಿ ಬಳಸುವ) ಪ್ರೈಮರ್ 100 ಮಿ.ಲೀ., ಹಾರ್ಡ್ನರ್ 25, ಥಿನ್ನರ್ 15. ಬೇಸ್ ಕೋಟ್ ಬಣ್ಣ 100 ಮಿ.ಲೀ., ಅಷ್ಟೇ ಥಿನ್ನರ್. ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಪಾರದರ್ಶಕ ಕ್ಲಿಯರ್ 100 ಮಿ.ಲೀ., ಹಾರ್ಡ್ನರ್ 50. ಡಬ್ಬಿಯ ಮೇಲಿನ ಪ್ರಮಾಣ ಇದಕ್ಕಿಂತ ಬೇರೆ ಇದ್ದರೆ ಡಬ್ಬಿಯ ಮಾತೇ ಕೊನೆ. ಕ್ಲಿಯರ್ ಒಂದು ಕಂಪನಿಯದು, ಹಾರ್ಡ್ನರ್ ಇನ್ನೊಂದರದು ಬೇಡ.

ನಿಮ್ಮ ಕಂಪ್ರೆಸರಿಗೆ ದೊಡ್ಡ ಸ್ಪ್ರೇ ಗನ್ ಹಾಕಬೇಡಿ. ಅದು ಕುಡಿಯುವಷ್ಟು ಗಾಳಿ 25 ಲೀಟರಿನ ಯಂತ್ರ ಕೊಡಲಾರದು, ಒಂದು ಕೋಟು ಅರ್ಧವಾಗುವಷ್ಟರಲ್ಲೇ ಒತ್ತಡ ಇಳಿದು ಬಣ್ಣ ಹನಿಹನಿಯಾಗಿ ಉದುರುತ್ತದೆ. 0.8ರಿಂದ 1 ಮಿ.ಮೀ. ಮೂತಿಯ ಸಣ್ಣ ಟಚ್‌ಅಪ್ ಗನ್ ಈ ಕೆಲಸಕ್ಕೆ ಸರಿ. ದಪ್ಪ ಪ್ರೈಮರ್ ಅದರಲ್ಲಿ ಹರಿಯುವುದಿಲ್ಲ, ಹಾಗಾಗಿ ಮೇಲಿನ ಲೆಕ್ಕದ ಪ್ರೈಮರಿನ ಬದಲು ಸ್ಪ್ರೇ ಡಬ್ಬಿಯ ಪ್ರೈಮರ್ ತನ್ನಿ. ಥಂಡಿ ಹವೆಯಲ್ಲಿ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಿಂಪಡಣೆ ನುಣುಪಾಗುತ್ತದೆ. ಒಲೆಯ ಹತ್ತಿರ ಕಾಯಿಸಿದರೆ ಸಿಡಿಯುತ್ತದೆ.

ಸ್ಕೂಪನ್ನು ಅದಕ್ಕಿಂತ ಚಿಕ್ಕ ರಟ್ಟಿನ ಪೆಟ್ಟಿಗೆಯ ಮೇಲೆ ಕೂರಿಸಿ. ಅಂಚು ಗಾಳಿಯಲ್ಲಿ ನಿಂತರೆ ಅಡಿಯ ಬದಿಗೂ ಬಣ್ಣ ಹೋಗುತ್ತದೆ. ಪ್ರೈಮರ್ ಎರಡು ಕೋಟು, ನಡುವೆ 15 ನಿಮಿಷ, ಆಮೇಲೆ ಒಂದು ರಾತ್ರಿ. ಮಾರನೆಯ ದಿನ ಮೇಲೆ ಕಪ್ಪು ಸ್ಪ್ರೇಯನ್ನು ತೆಳ್ಳಗೆ, ಧೂಳು ಹಾರಿದಂತೆ ಹೊಡೆದು 400ರಲ್ಲಿ, ಆಮೇಲೆ 600ರಲ್ಲಿ ಮರದ ತುಂಡಿಗೆ ಸುತ್ತಿದ ಪೇಪರಿನಿಂದ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು ಇದೆ ಎಂದರ್ಥ. ಬೇಸ್ ಕೋಟಿನಲ್ಲಿ ಮೊದಲು ಸ್ಕೂಪಿನ ಬಾಯೊಳಗೆ, ಆಮೇಲೆ ಅಂಚು, ಕೊನೆಗೆ ಬೆನ್ನು. ಗನ್ 15 ಸೆಂ.ಮೀ. ದೂರ, ಡಬ್ಬಿಯಾದರೆ 25. ಪ್ರತಿ ಪಟ್ಟೆಯೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಮೂರು ತೆಳು ಕೋಟುಗಳ ಮೇಲೆ ಅದೇ ದಿನ ಕ್ಲಿಯರ್ ಎರಡು ಕೋಟು. ಮೊದಲನೆಯದು ಹದವಾಗಿ, ಎರಡನೆಯದು ತುಂಬು. ಎರಡನೆಯದಕ್ಕೆ ಸಮಯವಾಯಿತೇ ಎಂದು ತಿಳಿಯಲು ಪಕ್ಕದ ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಕ್ಲಿಯರನ್ನು ಬೆರಳಿನಿಂದ ಮುಟ್ಟಿ: ನೂಲಿನಂತೆ ಎಳೆ ಬಂದರೆ ಕಾಯಿರಿ, ಅಂಟಂಟಾಗಿದ್ದು ಎಳೆ ಬಾರದಿದ್ದರೆ ಹೊಡೆಯಿರಿ. ಕಣದಲ್ಲಿ ಕಾಫಿ ಹರವಿ ಕೆದಕುವ ಹೊತ್ತಿನಲ್ಲಿ ಮಾತ್ರ ಬೇಡ. ಆ ಧೂಳು ಎಷ್ಟು ದೂರ ಹಾರುತ್ತದೆ ಎಂಬುದು ಒದ್ದೆ ಕ್ಲಿಯರ್ ಮೇಲೆ ಚೆನ್ನಾಗಿ ಕಾಣುತ್ತದೆ.

ಒಂದು ದಿನ ಮುಟ್ಟಬೇಡಿ, ಒಂದು ವಾರ ಕೂರಿಸಬೇಡಿ. ಸಣ್ಣ ಧೂಳಿನ ಕಣಗಳಿದ್ದರೆ ವಾರದ ನಂತರ 1500, 2000 ನಂಬರಿನಲ್ಲಿ ನೀರು ಹಾಕಿ ಮೆಲ್ಲಗೆ ತೆಗೆದು ಕಾಂಪೌಂಡ್ (ಹೊಳಪಿಗೆ ಉಜ್ಜುವ ಪೇಸ್ಟ್) ಹಾಕಿ ಹೊಳಪು ತರಬಹುದು.

ಪ್ರಶ್ನೆ: ಕೈಲ್ ಮುಹೂರ್ತ ಹಬ್ಬಕ್ಕೆ ಗಾಡಿ ತಯಾರಾಗಲಿ ಎಂದು ಜುಲೈ ಕೊನೆಯಲ್ಲಿ ಕಾರ್ ಶೆಡ್ಡಿನೊಳಗೆ ಕ್ಲಿಯರ್ ಹೊಡೆದೆ. ಹೊಡೆದಾಗ ಕನ್ನಡಿಯಂತಿತ್ತು, ಅರ್ಧ ಗಂಟೆಯಲ್ಲಿ ಮಂಜು ಕವಿದಂತೆ ಬೆಳ್ಳಗಾಯಿತು. ಕೆಲವು ಕಡೆ ಗುಳ್ಳೆಯೂ ಇದೆ. ಶೆಡ್ಡಿನಲ್ಲಿ ಮಳೆ ಬೀಳುವುದಿಲ್ಲ.
(ಮಡಿಕೇರಿಯ ಓದುಗರು)

ಉತ್ತರ: ಮಳೆ ಒಳಗೆ ಬರಬೇಕಾಗಿಲ್ಲ, ತೇವ ಬಂದರೆ ಸಾಕು. ಮಳೆಗಾಲದ ಗಾಳಿ 20 ಡಿಗ್ರಿ, ತೇವಾಂಶ ಶೇ. 90 ಎಂದಿಟ್ಟುಕೊಳ್ಳಿ. ಆ ಗಾಳಿ ಸುಮಾರು 18 ಡಿಗ್ರಿಯ ವಸ್ತು ಸಿಕ್ಕಿದರೆ ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ಥಿನ್ನರ್ ಆರುವಾಗ, ಅಂಗೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವ ಹಾಗೆ, ಬಣ್ಣದ ಮೇಲ್ಮೈ ಒಂದೆರಡು ಡಿಗ್ರಿ ಇಳಿಯುತ್ತದೆ. ಅಷ್ಟೇ ಸಾಕು: ಕಣ್ಣಿಗೆ ಕಾಣದ ಹನಿಗಳು ಒದ್ದೆ ಕ್ಲಿಯರಿನೊಳಗೆ ಸಿಕ್ಕಿ ಬೆಳ್ಳಗೆ ಕಾಣುತ್ತವೆ. ಅದೇ ಗಾಳಿ 25 ಡಿಗ್ರಿ, ತೇವ ಶೇ. 60 ಇದ್ದರೆ ಇಬ್ಬನಿ ಕಟ್ಟುವುದು 17 ಡಿಗ್ರಿಯ ಆಸುಪಾಸಿನಲ್ಲಿ. ಎಂಟು ಡಿಗ್ರಿಯ ಅಂತರ ಸಿಕ್ಕಿದ ಮೇಲೆ ಹೆದರಿಕೆಯಿಲ್ಲ. ತೇವಾಂಶ ತೋರಿಸುವ ಸಣ್ಣ ಮೀಟರ್ ಕೊಂಡು ಶೆಡ್ಡಿನ ಗೋಡೆಗೆ ನೇತುಹಾಕಿ. ಶೇ. 70 ದಾಟಿದರೆ ಗನ್ ಕೈಗೆತ್ತಿಕೊಳ್ಳಬೇಡಿ.

ಗುಳ್ಳೆಯ ಕಾರಣ ಬೇರೆ. 2ಕೆ ಕ್ಲಿಯರಿನ ಹಾರ್ಡ್ನರ್ ನೀರಿನೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ನೀರು ಗಾಳಿಯದಾಗಿರಬಹುದು, ಕಂಪ್ರೆಸರ್ ಟ್ಯಾಂಕಿನದಾಗಿರಬಹುದು. ಮಳೆಗಾಲದಲ್ಲಿ ಟ್ಯಾಂಕಿನ ತಳದ ತಿರುಪು ಬಿಚ್ಚಿದರೆ ಲೋಟದಷ್ಟು ಕಂದು ನೀರು ಬರುವುದುಂಟು. ಪ್ರತಿ ಸಲ ಬಿಚ್ಚಿ ಬಿಡಬೇಕು. ನೀರು ಹಿಡಿಯುವ ಟ್ರ್ಯಾಪನ್ನು ಕಂಪ್ರೆಸರಿನ ಬಾಯಿಗೆ ಹಾಕಿದರೆ ಪ್ರಯೋಜನ ಕಡಿಮೆ, ಅಲ್ಲಿ ಗಾಳಿ ಇನ್ನೂ ಬಿಸಿಯಾಗಿದ್ದು ನೀರು ಆವಿಯಾಗೇ ದಾಟುತ್ತದೆ. 8–10 ಮೀಟರ್ ಪೈಪಿನಲ್ಲಿ ತಣ್ಣಗಾದ ಮೇಲೆ, ಗನ್ನಿನ ಬದಿಯಲ್ಲಿ ಹಾಕಿ. ಕಳೆದ ವರ್ಷ ತೆರೆದಿಟ್ಟ ಹಾರ್ಡ್ನರ್ ಮಬ್ಬಾಗಿದ್ದರೆ, ತಳದಲ್ಲಿ ಹರಳು ಕಂಡರೆ ಎಸೆಯಿರಿ.

ಈಗ ಆಗಿರುವುದಕ್ಕೆ: ಪೂರ್ತಿ ಗಟ್ಟಿಯಾಗಲು ಎರಡು ವಾರ ಬಿಡಿ, ಥಂಡಿಯಲ್ಲಿ ಗಟ್ಟಿಯಾಗುವ ವೇಗ ಬಹಳ ಇಳಿಯುತ್ತದೆ. ಬಿಳುಪು ಮೇಲ್ಪದರದಲ್ಲೇ ಇದ್ದರೆ 2000 ನಂಬರಿನಲ್ಲಿ ಉಜ್ಜಿದಾಗ ಹೋಗುತ್ತದೆ. ಗುಳ್ಳೆ ಇರುವ ಕಡೆ ಅದು ಸಾಲದು; 800ರಲ್ಲಿ ಗುಳ್ಳೆ ಮಾಯವಾಗುವವರೆಗೆ ಇಳಿಸಿ ಮತ್ತೆ ಕ್ಲಿಯರ್ ಹೊಡೆಯಬೇಕು, ಬೇಸ್ ಕಿತ್ತರೆ ಬೇಸ್ ಕೂಡ. ಈ ಎರಡನೆಯ ಕೆಲಸವನ್ನು ಮಳೆ ಮುಗಿದ ಮೇಲೆ ಇಟ್ಟುಕೊಳ್ಳಿ. ಮಡಿಕೇರಿಯಲ್ಲಿ ಮನೆಯಲ್ಲೇ ಗಾಡಿಗೆ ಬಣ್ಣ ಹೊಡೆಯಲು ಸರಿಯಾದ ಕಾಲ ಜನವರಿಯಿಂದ ಮಾರ್ಚ್, ಅದರಲ್ಲೂ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ಒಳಗೆ. ಸಂಜೆಯ ಮಂಜು ಇಳಿಯುವ ಹೊತ್ತಿಗೆ ಕೊನೆಯ ಕೋಟು ಬಿದ್ದು ಎರಡು ಗಂಟೆಯಾಗಿರಬೇಕು. ಹಬ್ಬಕ್ಕೆ ಬೇಕೇ ಬೇಕೆಂದರೆ ಹೀಟರ್ ಇರುವ ಬೂತಿನ ಪೇಂಟರಿಗೆ ಕ್ಲಿಯರ್ ಮಾತ್ರ ಒಪ್ಪಿಸಿ. ಉಜ್ಜುವುದು, ಪುಟ್ಟಿ, ಪ್ರೈಮರ್ ನೀವೇ ಮಾಡಿಕೊಟ್ಟರೆ ಖರ್ಚೂ ತಗ್ಗುತ್ತದೆ.

ಪ್ರಶ್ನೆ: ಡೋರಿನ ಸ್ಟಿಕ್ಕರಿನಲ್ಲಿದ್ದ ಕೋಡ್ ಕೊಟ್ಟೇ ಸಿಲ್ವರ್ ಬಣ್ಣ ಕಲೆಸಿಕೊಂಡೆ. ಆದರೂ ಸ್ಕೂಪ್ ಬಾನೆಟ್‌ಗಿಂತ ಒಂದು ಛಾಯೆ ಕಪ್ಪಗಿದೆ.
(ಕುಶಾಲನಗರದ ಓದುಗರು)

ಉತ್ತರ: ಕೋಡ್ ಹೇಳುವುದು ಗಾಡಿ ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣ. ಹತ್ತು ವರ್ಷ ಬಿಸಿಲು ತಿಂದ ಬಾನೆಟ್‌ನದ್ದಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ, ಕಾಂಪೌಂಡ್ ಹಾಕಿ ಉಜ್ಜಿ, ಅದನ್ನು ಬಣ್ಣ ಕಲೆಸುವವರಿಗೆ ಕೊಟ್ಟು ಹೊಂದಿಸಿಕೊಳ್ಳುವುದು ಒಳ್ಳೆಯದು. ಆದರೆ ಸಿಲ್ವರಿನಲ್ಲಿ ತಪ್ಪು ಬಹುಪಾಲು ಕೈಯದೇ ಆಗಿರುತ್ತದೆ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಒದ್ದೆ ಕೋಟಿನಲ್ಲಿ ಮುಳುಗಿ ಅಡ್ಡಾದಿಡ್ಡಿ ನಿಲ್ಲುತ್ತವೆ, ಎದುರಿನಿಂದ ನೋಡಿದರೆ ಬಣ್ಣ ಕಪ್ಪಗೆ ಕಾಣುತ್ತದೆ. ತೆಳು, ಒಣ ಕೋಟಿನಲ್ಲಿ ಅವು ಮಲಗಿ ಬೆಳಕನ್ನು ಹಿಂದಕ್ಕೆ ಕೊಡುತ್ತವೆ. ಹಾಗಾಗಿ ಕೊನೆಯ ಬೇಸ್ ಕೋಟನ್ನು ಗನ್ 5–8 ಸೆಂ.ಮೀ. ಹಿಂದಕ್ಕೆ ಎಳೆದು, ಒತ್ತಡ ಸ್ವಲ್ಪ ತಗ್ಗಿಸಿ, ಹಗುರವಾಗಿ ಹೊಡೆಯಬೇಕು. ಸ್ಕೂಪನ್ನು ನೇತುಹಾಕದೆ, ಬಾನೆಟ್ ಮೇಲೆ ಯಾವ ಓರೆಯಲ್ಲಿ ಕೂರುತ್ತದೋ ಅದೇ ಓರೆಯಲ್ಲಿ ಇಟ್ಟು ಹೊಡೆಯಿರಿ. ಮೊದಲು ಒಂದು ತಗಡಿನ ಚೂರಿನ ಮೇಲೆ ಒಂದು, ಎರಡು, ಮೂರು ಕೋಟಿನ ಪಟ್ಟೆಗಳನ್ನು ಹೊಡೆದು, ಕ್ಲಿಯರನ್ನೂ ಹಾಕಿ, ಬಾನೆಟ್ ಪಕ್ಕ ಹಿಡಿದು ಬಿಸಿಲಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಬಿಸಿಲಲ್ಲಿ ಬೇರೆಯಾಗಬಹುದು.

ಇಷ್ಟು ತಾಪತ್ರಯ ಬೇಡವೆಂದರೆ ಸ್ಕೂಪಿಗೆ ಮಾತ್ರ ಮ್ಯಾಟ್ ಕಪ್ಪು. ಹೊಂದಿಸುವ ಮಾತೇ ಬರುವುದಿಲ್ಲ, ಬಾನೆಟ್‌ನ ಬಿಸಿಲಿನ ಮಿಂಚು ಕಣ್ಣಿಗೆ ಹೊಡೆಯುವುದೂ ಅಲ್ಲಿ ತಪ್ಪುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಸ್ಕೂಪನ್ನು ಡಬಲ್ ಟೇಪಿನಲ್ಲಿ ಅಂಟಿಸಿದ್ದೆ. ಮಾಕುಟ್ಟ ಇಳಿದು ಕಣ್ಣೂರು ಕಡೆ ಹೋಗುವಾಗ ಮುಂಭಾಗ ಎದ್ದು ಪಟಪಟ ಹೊಡೆದುಕೊಂಡಿತು. ಆಮೇಲೆ ನಾಲ್ಕು ಬೋಲ್ಟ್ ಹಾಕಿದೆ. ಈಗ ಬೋಲ್ಟಿನ ಸುತ್ತ ಬಿರುಕು. ಯಾವುದು ಸರಿ?
(ವಿರಾಜಪೇಟೆಯ ಓದುಗರು)

ಉತ್ತರ: ಎರಡೂ ಸರಿ, ಎರಡೂ ಸೇರಿದರೆ. ತಪ್ಪಾಗಿರುವುದು ಹಾಕಿದ ರೀತಿಯಲ್ಲಿ.

ಬಾಯಿ ತೆರೆದ, ಹಿಂದೆ ಮುಚ್ಚಿದ ಸ್ಕೂಪಿನೊಳಗೆ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲ. 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 47 ಕಿಲೋ ಭಾರದಷ್ಟು. 60ಕ್ಕೆ 45 ಸೆಂ.ಮೀ. ಸ್ಕೂಪಾದರೆ ಹನ್ನೆರಡು ಕಿಲೋಗೂ ಹೆಚ್ಚಿನ ಬಲ ಅದನ್ನು ಒಳಗಿನಿಂದ ಮೇಲಕ್ಕೆತ್ತುತ್ತಿರುತ್ತದೆ. ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪಿಗೆ ನೇರ ಎಳೆತ ದೊಡ್ಡದಲ್ಲ. ಅದು ಸೋಲುವುದು ಸಿಪ್ಪೆ ಸುಲಿದಂತೆ ಒಂದು ತುದಿಯಿಂದ ಬಿಚ್ಚುವ ಬಲಕ್ಕೆ. ಬಾಯಿಯ ಎರಡು ಮೂಲೆಗಳಲ್ಲಿ ಶುರುವಾಗುವುದು ಅದೇ. ಅದಕ್ಕೇ ಆ ಎರಡು ಮೂಲೆಗಳಿಗೆ ಬೋಲ್ಟು, ಉಳಿದ ಸುತ್ತಿಗೆ ಟೇಪು.

ಟೇಪ್ ಹಿಡಿಯಬೇಕಾದರೆ ಮೇಲ್ಮೈಯಲ್ಲಿ ಮೇಣ, ಪಾಲಿಶ್ ಇರಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ ಎರಡೂ ಕಡೆ ಒರೆಸಿ, ಪ್ಲಾಸ್ಟಿಕ್ ಬದಿಗೆ ಟೇಪಿನ ಪ್ರೈಮರ್ ಸವರಿ. 12 ಮಿ.ಮೀ. ಅಗಲ, 1.1 ಮಿ.ಮೀ. ದಪ್ಪದ ಟೇಪ್ ಸುತ್ತಲೂ ಬೇಕು. ಅಂಟಿಸುವಾಗ ಲೋಹ 20 ಡಿಗ್ರಿಗಿಂತ ಬೆಚ್ಚಗಿರಲಿ. ಡಿಸೆಂಬರ್ ಬೆಳಗಿನ ಥಂಡಿಯಲ್ಲಿ ಅಂಟಿಸಿದ ಟೇಪ್ ಕಲ್ಲಿನಂತಿದ್ದು ಬಣ್ಣದ ಮೇಲೆ ಹರಡಿಕೊಳ್ಳುವುದೇ ಇಲ್ಲ. ಅಂಟಿದ 20 ನಿಮಿಷದಲ್ಲಿ ಅರ್ಧ ಬಲ, ಒಂದು ದಿನದಲ್ಲಿ ಶೇ. 90, ಪೂರ್ತಿ ಬಲಕ್ಕೆ ಮೂರು ದಿನ. ಅಲ್ಲಿಯವರೆಗೆ ಗಾಡಿ ತೊಳೆಯಬೇಡಿ, ದೂರದ ಓಟ ಬೇಡ.

ಬಿರುಕಿಗೆ ಕಾರಣ ಪ್ಲಾಸ್ಟಿಕ್ ಹಿಗ್ಗುವುದು. ಬಾನೆಟ್ ಬಿಸಿಲಿಗೆ 40 ಡಿಗ್ರಿ ಏರಿದರೆ 60 ಸೆಂ.ಮೀ. ಉದ್ದದ ಎಬಿಎಸ್ ಪ್ಲಾಸ್ಟಿಕ್ ಸ್ಕೂಪ್ ಅಡಿಯ ಉಕ್ಕಿಗಿಂತ ಸುಮಾರು ಒಂದೂವರೆಯಿಂದ ಎರಡು ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ನಾಲ್ಕೂ ಮೂಲೆಯಲ್ಲಿ ಬಿಗಿದರೆ ಅದು ಹೋಗುವುದೆಲ್ಲಿಗೆ? ಹಿಂದಿನ ಎರಡು ಬೋಲ್ಟ್ ತೆಗೆಯಿರಿ, ಇಲ್ಲವೇ ಆ ತೂತುಗಳನ್ನು ಉದ್ದುದ್ದ ಮಾಡಿ. 5 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟಿಗೆ 6.5 ಮಿ.ಮೀ. ತೂತು, ಎರಡೂ ಬದಿ ರಬ್ಬರ್ ವಾಶರ್, ಅಡಿಯಲ್ಲಿ ಅಗಲ ವಾಶರ್, ನೈಲಾನ್ ಲಾಕ್ ನಟ್ಟು. ರಬ್ಬರ್ ಅಂಚಿನಲ್ಲಿ ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಿ. ಆಗಿರುವ ಬಿರುಕಿನ ಎರಡೂ ತುದಿಗೆ 2 ಮಿ.ಮೀ. ತೂತು ಕೊರೆದರೆ ಮುಂದೆ ಓಡುವುದಿಲ್ಲ. ಆಮೇಲೆ ಒಳಬದಿಯಿಂದ ಪ್ಲಾಸ್ಟಿಕ್‌ಗೆ ಹೊಂದುವ ಎಪಾಕ್ಸಿಯಲ್ಲಿ ಜಾಲರಿ ಬಟ್ಟೆ ಅಂಟಿಸಿ.

ಬಾನೆಟ್‌ನ ತೂತಿನ ಅಂಚಿಗೆ ಎಪಾಕ್ಸಿ ಪ್ರೈಮರ್ ತಪ್ಪಿಸಬೇಡಿ. ಸೀಲ್ ಮಾಡಲು ಪಿಯು (ಪಾಲಿಯುರೆಥೇನ್) ಸೀಲಂಟ್ ತನ್ನಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಬಿಡುವ ಆಮ್ಲ ತಗಡನ್ನು ತಿನ್ನುತ್ತದೆ. ಮುಂದೆ ಬಣ್ಣ ಹೊಡೆಯಹೋದರೆ ಸಿಲಿಕೋನ್ ತಾಗಿದ ಕಡೆಯೆಲ್ಲ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಪ್ರಶ್ನೆ: ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ನನ್ನ ಡೀಸೆಲ್ ಜೀಪು ಬಿಸಿಯಾಗುತ್ತದೆ. ಬಾನೆಟ್ ಕತ್ತರಿಸಿ ಸ್ಕೂಪ್ ಹಾಕಿದರೆ ತಣ್ಣಗಾಗುತ್ತದೆಯೇ?
(ಸೋಮವಾರಪೇಟೆಯ ಓದುಗರು)

ಉತ್ತರ: ಆಗುವುದಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ 30 ಕಿ.ಮೀ. ವೇಗದಲ್ಲಿ ಹತ್ತುವಾಗ ಸ್ಕೂಪಿಗೆ ಸಿಗುವುದು 100ರಲ್ಲಿ ಸಿಗುವ ಒತ್ತಡದ ಹನ್ನೊಂದನೆಯ ಒಂದು ಪಾಲು. ಎಂಜಿನ್ ಅತಿ ಹೆಚ್ಚು ಬಿಸಿಯಾಗುವ ಹೊತ್ತಿನಲ್ಲೇ ಸ್ಕೂಪ್ ಅತಿ ಕಡಿಮೆ ಕೆಲಸ ಮಾಡುತ್ತದೆ. ಅಲ್ಲದೆ ರೇಡಿಯೇಟರಿನ ಮೂಲಕ ಬಂದ ಗಾಳಿ ಎಂಜಿನ್ ಕೋಣೆಯಿಂದ ಹೊರಹೋಗಬೇಕು. ಮೇಲಿನಿಂದ ಇನ್ನಷ್ಟು ಗಾಳಿ ತುಂಬಿದರೆ ಆ ಹರಿವಿಗೇ ಅಡ್ಡಿ.

ಮೊದಲ ತಲೆಮಾರಿನ 3 ಲೀಟರ್ ಡೀಸೆಲ್ ಫಾರ್ಚೂನರ್‌ನಲ್ಲಿ ಸ್ಕೂಪ್ ನಿಜವಾದ ಕೆಲಸ ಮಾಡುತ್ತದೆ, ಏಕೆಂದರೆ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಅದರ ಇಂಟರ್‌ಕೂಲರ್ ಎಂಜಿನ್ನಿನ ತಲೆಯ ಮೇಲೇ ಕೂತಿದೆ. ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್‌ನದೂ ಅದೇ ವಿನ್ಯಾಸ. ನಿಮ್ಮ ಜೀಪಿನಲ್ಲಿ ಸ್ಕೂಪಿನ ಅಡಿ ಇಂಟರ್‌ಕೂಲರ್ ಇಲ್ಲದಿದ್ದರೆ ಗಾಳಿ ಬಂದು ತಣಿಸುವುದು ಏನನ್ನು?

ಜೀಪಿನ ರೋಗ ಬೇರೆ ಕಡೆ ಇದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಂದೆ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ: ರೆಕ್ಕೆಗಳ ನಡುವೆ ಬೆಳಕು ಕಾಣದಿದ್ದರೆ ಕೆಸರು, ಹುಳ, ಎಲೆಪುಡಿ ಕಟ್ಟಿಕೊಂಡಿದೆ. ಎಂಜಿನ್ ಬದಿಯಿಂದ ಹೊರಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆಯಿರಿ, ಜೋರು ಒತ್ತಡದಲ್ಲಿ ರೆಕ್ಕೆಗಳು ಮಡಚುತ್ತವೆ. ಆಮೇಲೆ ರೇಡಿಯೇಟರ್ ಮುಚ್ಚಳದ ರಬ್ಬರ್, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್, ಫ್ಯಾನಿನ ಸುತ್ತಲಿನ ಕವಚ. ಕವಚ ಮುರಿದಿದ್ದರೆ ಫ್ಯಾನ್ ಅದೇ ಬಿಸಿ ಗಾಳಿಯನ್ನು ಸುತ್ತಿ ಸುತ್ತಿ ಎಳೆಯುತ್ತದೆ. ಬರೀ ಬಾವಿ ನೀರು ಹಾಕಿ ಓಡಿಸುತ್ತಿದ್ದರೆ ಒಳಗೆಲ್ಲ ತುಕ್ಕಿನ ಕೆಸರು ಇರುತ್ತದೆ, ತೊಳೆಸಿ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲು ಹಾಕಿ.

ಇದಾದ ಮೇಲೂ ಕತ್ತರಿಸುವ ಮನಸ್ಸಿದ್ದರೆ, ಹಾಗೂ ಮುಂದೆ ಬರುವ ಕಾನೂನಿನ ಉತ್ತರ ಓದಿದ ಮೇಲೂ ಮನಸ್ಸು ಬದಲಾಗದಿದ್ದರೆ, ಇಷ್ಟು ನೆನಪಿರಲಿ. ಬಾನೆಟ್ ಅಡಿಯ ಪಕ್ಕೆಲುಬಿನಂಥ ತಗಡುಗಳೇ ಅದರ ಬಲ, ಡಿಕ್ಕಿಯಾದಾಗ ಅದು ಸರಿಯಾಗಿ ಮಡಚುವುದೂ ಅವುಗಳಿಂದಲೇ. ಅವುಗಳ ನಡುವೆ ಮಾತ್ರ ಕತ್ತರಿಸಿ. ಬ್ಯಾಟರಿ ತಂತಿ ಬಿಚ್ಚಿ, ಬಾನೆಟ್ಟನ್ನು ಗಾಡಿಯಿಂದ ಇಳಿಸಿ ಬೆಂಚಿನ ಮೇಲೆ ಕೆಲಸ ಮಾಡಿ. ನಾಲ್ಕು ಮೂಲೆಗೆ 20 ಮಿ.ಮೀ. ದುಂಡು ತೂತು ಮೊದಲು; ಚೂಪು ಮೂಲೆ ಬಿಟ್ಟರೆ ನಡುಗಿ ನಡುಗಿ ಅಲ್ಲಿಂದಲೇ ತಗಡು ಸೀಳುತ್ತದೆ. ಇಂಚಿಗೆ 24 ಹಲ್ಲಿನ ಬ್ಲೇಡು ಹಾಕಿದ ಜಿಗ್‌ಸಾ ಸಾಕು. ಗ್ರೈಂಡರ್ ಬೇಡ, ಅದರ ಕಿಡಿ ಬಣ್ಣವನ್ನೂ ಪಕ್ಕದಲ್ಲಿರುವ ಗಾಜನ್ನೂ ಸುಡುತ್ತದೆ. ಕತ್ತರಿಸಿದ ಕಬ್ಬಿಣದ ಪುಡಿಯನ್ನು ಅಂದೇ ಆಯಸ್ಕಾಂತದಿಂದ ತೆಗೆಯಿರಿ, ಇಲ್ಲಿನ ಹವೆಗೆ ಎರಡೇ ದಿನದಲ್ಲಿ ಪ್ರತಿ ಚೂರೂ ಒಂದು ಕಂದು ಚುಕ್ಕೆಯಾಗುತ್ತದೆ. ತೂತಿನ ನೇರ ಕೆಳಗೆ ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಏರ್ ಫಿಲ್ಟರ್ ಬಾಯಿ ಇದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಭಾಗಮಂಡಲದ ಮಳೆಗೆ ಅಡಿಯಲ್ಲಿ ಒಂದು ತಟ್ಟೆ ಮತ್ತು ಅದರಿಂದ ಕೆಳಕ್ಕೆ ಎರಡು ನೀರಿನ ಕೊಳವೆ ಇಲ್ಲದೆ ಆಗುವುದಿಲ್ಲ.

ಪ್ರಶ್ನೆ: ಸ್ಕೂಪ್ ಹಾಕಿದರೆ ಆರ್‌ಟಿಒದವರು, ವಿಮೆಯವರು ತಕರಾರು ಮಾಡುತ್ತಾರೆಯೇ?
(ಸಿದ್ದಾಪುರದ ಓದುಗರು)

ಉತ್ತರ: ಮಾಡಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ವಿವರ ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಟೇಪಿನಲ್ಲಿ ಅಂಟಿಸಿದ, ಬೇಕಾದಾಗ ತೆಗೆಯಬಹುದಾದ ಅಲಂಕಾರಕ್ಕೂ ಬಾನೆಟ್ ಕತ್ತರಿಸುವುದಕ್ಕೂ ವ್ಯತ್ಯಾಸ ಬಹಳ. ಆದರೂ ಕೆಎ-12 ನೋಂದಣಿಯ ಗಾಡಿಯಾದರೆ ಮಡಿಕೇರಿಯ ಆರ್‌ಟಿಒ ಕಚೇರಿಗೆ ಫೋಟೋ ಸಮೇತ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲೇ ಪಡೆದು ಗಾಡಿಯಲ್ಲಿಡಿ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲಿ ನಮೂದಾಗಬೇಕು.

ವಿಮೆಗೆ ಪಾಲಿಸಿ ನವೀಕರಿಸುವಾಗಲೇ ಸ್ಕೂಪ್ ಇದೆಯೆಂದು ತಿಳಿಸಿ, ಬಿಲ್ಲು ಕೊಡಿ. ಝೀರೋ ಡೆಪ್ (ಸವಕಳಿ ಕಳೆಯದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪರಿಹಾರದಿಂದ ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ.

ಪ್ರಶ್ನೆ: ಮನೆಯವರು ಪೇಂಟ್ ಮಾಡುವಾಗ ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಾರೆ. ಮಗನಿಗೆ ಉಬ್ಬಸ ಇದೆ. ಪರವಾಗಿಲ್ಲವೇ?
(ಪೊನ್ನಂಪೇಟೆಯ ಓದುಗರು)

ಉತ್ತರ: ಖಂಡಿತ ಸರಿಯಲ್ಲ, ದಯವಿಟ್ಟು ನಿಲ್ಲಿಸಿ. 2ಕೆ ಪ್ರೈಮರ್, ಕ್ಲಿಯರುಗಳ ಹಾರ್ಡ್ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಬ್ಬಸ ಇಲ್ಲದವರಿಗೂ ಉಬ್ಬಸ ತರಬಲ್ಲದು, ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಮುಂದೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಕರವಸ್ತ್ರ, ಆಸ್ಪತ್ರೆಯ ಮಾಸ್ಕ್, ಧೂಳಿನ ಮಾಸ್ಕ್ ಯಾವುದೂ ಇದನ್ನು ತಡೆಯುವುದಿಲ್ಲ. ವೃತ್ತಿಯವರು ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ಹಾಕುತ್ತಾರೆ. ಅದಿಲ್ಲದ ಮನೆಯಲ್ಲಿ 2ಕೆ ಬೇಡವೇ ಬೇಡ. ಹಾರ್ಡ್ನರ್ ಇಲ್ಲದ 1ಕೆ ಸ್ಪ್ರೇ ಡಬ್ಬಿ ಬಳಸಿ, ಇಲ್ಲವೇ ಆ ಕೋಟುಗಳನ್ನು ಪೇಂಟರಿಗೆ ಬಿಡಿ. ಮೇಲೆ ಗೋಣಿಕೊಪ್ಪದ ಓದುಗರಿಗೆ ಹೇಳಿದ್ದಕ್ಕೂ ಈ ಮಾತು ಸೇರಿಸಿ ಓದಿಕೊಳ್ಳಿ. 1ಕೆ ಹೊಡೆಯುವಾಗಲೂ ಆವಿ ಹಿಡಿಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ಮಗ ಅಂದು ನೆಂಟರ ಮನೆಯಲ್ಲಿರಲಿ.

ಇನ್ನೊಂದು ಮಾತು. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಹೋಗುತ್ತದೆ. ಬಚ್ಚಲಿನ ಹಂಡೆಯ ಒಲೆ ಶೆಡ್ಡಿಗೆ ಹತ್ತಿರವಿದ್ದರೆ ಅಂದು ಬೆಳಿಗ್ಗೆಯೇ ಕೆಂಡಕ್ಕೆ ನೀರು ಹಾಕಿ ಆರಿಸಿ.

ಪ್ರಶ್ನೆ: ಒಂದು ಮಳೆಗಾಲ ಕಳೆದ ಮೇಲೆ ಸ್ಕೂಪಿನ ಬಾಯಿಂದ ಕಂದು ನೀರು ಸೋರಿ ಬಂಪರಿನವರೆಗೆ ಗೆರೆ ಬಿದ್ದಿದೆ.
(ನಾಪೋಕ್ಲಿನ ಓದುಗರು)

ಉತ್ತರ: ಬಾಯಿಗೆ ಜಾಲರಿ ಹಾಕಿದ್ದೀರಿ, ಜಾಲರಿಯ ಕೆಳಪಟ್ಟಿ ಬಾನೆಟ್‌ಗೆ ತಾಗಿ ಕಟ್ಟೆಯಂತೆ ನೀರು ನಿಲ್ಲಿಸುತ್ತಿದೆ ಎಂದು ತೋರುತ್ತದೆ. ಒಳಗೆ ಸಿಲ್ವರ್ ಓಕ್ ಎಲೆ ಕೊಳೆತು ಬಿಡುವ ಕಂದು ರಸವೂ ಇರಬಹುದು, ತುಕ್ಕೂ ಇರಬಹುದು. ಬಿಳಿ ಬಟ್ಟೆಯಲ್ಲಿ ಒರೆಸಿ ಸೋಪಿನಲ್ಲಿ ತೊಳೆಯಿರಿ. ಕಲೆ ಪೂರ್ತಿ ಹೋದರೆ ಎಲೆಯದು, ಕಿತ್ತಳೆ ಬಣ್ಣದಲ್ಲಿ ಉಳಿದರೆ ತುಕ್ಕು. ತುಕ್ಕಾದರೆ ಸ್ಕೂಪ್ ಬಿಚ್ಚಲೇಬೇಕು: ಮೀನು ಹಿಡಿಯುವ ನೈಲಾನ್ ದಾರವನ್ನು ಟೇಪಿನ ನಡುವೆ ಗರಗಸದಂತೆ ಎಳೆದರೆ ಬಣ್ಣ ಕೀಳದೆ ಬರುತ್ತದೆ, ಮೊದಲು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಳ್ಳಿ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಬಣ್ಣ. ಮತ್ತೆ ಕೂರಿಸುವಾಗ ಜಾಲರಿಯನ್ನು ಬಾನೆಟ್‌ನಿಂದ 8 ಮಿ.ಮೀ. ಮೇಲಕ್ಕೆ ಎತ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಸೈಕಲ್ ಪಂಪಿನ ಗಾಳಿ ಹೊಡೆದು ಒಳಗಿನ ಎಲೆ ತೆಗೆಯಿರಿ.